ನಿಜ ಮೇಷ್ಟ್ರ ಒಂದು ಸುಳ್ಳು

ದಾದಿಯರ ಕಾಲೇಜಿನಲ್ಲಿ ನೀತಿಶಾಸ್ತ್ರ ಕಲಿಸುತ್ತಿದ್ದ ಅವರನ್ನು ಹುಡುಗಿಯರು ಬೆನ್ನ ಹಿಂದೆ ‘ನಿಜ ಮೇಷ್ಟ್ರು’ ಎಂದು ಕರೆಯುತ್ತಿದ್ದರು. ಎದುರಿಗೇ ಕರೆದಿದ್ದರೂ ಅವರಿಗೆ ಬೇಸರವಾಗುತ್ತಿರಲಿಲ್ಲ. ಪ್ರತಿ ವರ್ಷ ಹೊಸ ತರಗತಿಗೆ ಅವರು ಮೊದಲು ಹಾಕುತ್ತಿದ್ದದ್ದು ಒಂದೇ ಪ್ರಶ್ನೆ. ಉಳಿಯುವ ಹಾಗಿಲ್ಲದ ರೋಗಿ ಕೈ ಹಿಡಿದುಕೊಂಡು ‘ನನಗೆ ಗುಣವಾಗತ್ತಾ?’ ಎಂದು ಕೇಳಿದರೆ ಏನು ಹೇಳುತ್ತೀರಿ?

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಕೊನೆಗೆ ಯಾರಾದರೂ ಧೈರ್ಯ ಮಾಡಿ, “ಗುಣವಾಗತ್ತೆ ಅಂತೀವಿ ಸರ್. ಪಾಪ, ಹೆದರ್ತಾರಲ್ಲ” ಅನ್ನುತ್ತಿದ್ದರು.

“ಹೆದರಲಿ. ಆ ಹೆದರಿಕೆಯೂ ಅವರದೇ. ಕೇಳಿದವರಿಗೆ ಸುಳ್ಳು ಹೇಳೋದು ಅಂದ್ರೆ, ಅವರ ಬದುಕನ್ನ ಅವರಿಗೇ ಗೊತ್ತಾಗದ ಹಾಗೆ ನಾವು ನಡೆಸೋದು. ಅಷ್ಟು ಅಧಿಕಾರ ನಮಗೆ ಕೊಟ್ಟವರು ಯಾರು?”

ಈ ತತ್ವವನ್ನು ಅವರು ಸೀಮೆಸುಣ್ಣದ ಜೊತೆ ಕಾಲೇಜಿನಲ್ಲೇ ಬಿಟ್ಟು ಬರುತ್ತಿರಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ ಹೆಂಡತಿ ಅದರ ಬಿಸಿಯನ್ನು ಮದುವೆಯಾದ ವಾರದಿಂದಲೇ ಉಂಡವಳು. ಸಾರು ಹೇಗಿದೆ ಎಂದರೆ “ಉಪ್ಪು ಜಾಸ್ತಿ.” ಹೊಸ ಅಂಗಿ ಹೇಗಿದೆ ಎಂದರೆ “ಎಡಗಡೆ ತೋಳು ಜೋತಿದೆ.” ಮೊದಮೊದಲು ಅವಳು ಮೂತಿ ಉಬ್ಬಿಸಿಕೊಳ್ಳುತ್ತಿದ್ದಳು, ಆಮೇಲೆ ನಗುವುದನ್ನು ಕಲಿತಳು. “ಚೆನ್ನಾಗಿ ಕಾಣ್ತೀಯ ಅಂತ ಇವರು ಬದುಕಲ್ಲಿ ಒಂದ್ಸಲ ಹೇಳಿದ್ದಾರೆ. ಆದ್ರೆ ಅದು ಗಟ್ಟಿ ಮಾಲು, ಇವತ್ತಿಗೂ ಬಣ್ಣ ಹೋಗಿಲ್ಲ” ಎಂದು ಬಟ್ಟೆ ಕೊಡಲು ಬಂದವರ ಮುಂದೆ ಹೇಳಿ ಗಂಡನ ಕಿವಿ ಕೆಂಪಾಗಿಸುತ್ತಿದ್ದಳು.

ಅವಳಿಗೆ ಒಬ್ಬಳೇ ತಂಗಿ, ಬೇರೆ ಊರಿನಲ್ಲಿದ್ದಳು. ತಾಯಿ ಹಾಸಿಗೆ ಹಿಡಿದಿದ್ದಾಗ ಅಪರೂಪಕ್ಕೆ ಬಂದ ಆ ತಂಗಿಗೆ ಅಕ್ಕ ಬಾಯಿಗೆ ಬಂದದ್ದನ್ನು ಅಂದುಬಿಟ್ಟಿದ್ದಳು: “ನೀನು ಅಮ್ಮನ್ನ ನೋಡೋಕೆ ಬಂದಿಲ್ಲ. ನೋಡಿ ಬಂದೆ ಅಂತ ಹೇಳ್ಕೊಳ್ಳೋಕೆ ಬಂದಿದ್ದೀಯ.” ತಂಗಿ ಚೀಲ ಎತ್ತಿಕೊಂಡು ಹೊರಟವಳು ತಾಯಿಯ ಸಾವಿಗೆ ಬಂದರೂ ಅಕ್ಕನ ಹತ್ತಿರ ಸುಳಿಯಲಿಲ್ಲ. ಅಲ್ಲಿಂದಾಚೆಗೆ ಇಬ್ಬರ ನಡುವೆ ಮಾತಿಲ್ಲ, ಕತೆಯಿಲ್ಲ.

ಹೆಂಡತಿಗೆ ಹೊಟ್ಟೆನೋವು ಶುರುವಾದಾಗ ಎಲ್ಲರೂ ಅಜೀರ್ಣವೆಂದುಕೊಂಡರು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಮೇಷ್ಟ್ರನ್ನೂ ಮಗಳನ್ನೂ ಒಳಗೆ ಕರೆದು ಕೂರಿಸಿಕೊಂಡರು. ರೋಗ ಈಗಾಗಲೇ ಎಲ್ಲ ಕಡೆ ಹರಡಿದೆ, ನೋವು ಕಡಿಮೆ ಮಾಡಬಹುದು, ಅಷ್ಟೇ ಎಂದರು. ಹೊರಗಿನ ಬೆಂಚಿನಲ್ಲಿ ಹೆಂಡತಿ ಪಕ್ಕದವಳ ಮಗುವಿನ ಟೋಪಿ ಸರಿಮಾಡುತ್ತಾ ಕೂತಿದ್ದದ್ದು ಬಾಗಿಲಿನ ಗಾಜಿನಲ್ಲಿ ಕಾಣುತ್ತಿತ್ತು.

ಮಗಳು ಅಪ್ಪನ ತೋಳು ಹಿಡಿದುಕೊಂಡಳು. “ಅಪ್ಪಾ, ನಿಮ್ಮ ಕಾಲಿಗೆ ಬೀಳ್ತೀನಿ. ಇದೊಂದ್ಸಲ ಮೇಷ್ಟ್ರಾಗಬೇಡಿ. ಅಮ್ಮ ತಡ್ಕೊಳಲ್ಲ.”

ಮೇಷ್ಟ್ರು ಅವಳ ಕೈ ಬಿಡಿಸಿಕೊಂಡು ಎದ್ದರು. ಹೇಳಬೇಕಾದ ಮಾತನ್ನು ನಾಲಿಗೆಯ ಮೇಲೆ ಇಟ್ಟುಕೊಂಡೇ ಹೊರಗೆ ಬಂದರು. ಹೆಂಡತಿ ಎದ್ದು ನಿಂತು ನೇರವಾಗಿ ಕೇಳಿದಳು, “ನೀವೇ ಹೇಳಿ. ನನಗೆ ಗುಣವಾಗತ್ತಾ?”

ವರ್ಷವರ್ಷವೂ ತಾವೇ ಹಾಕುತ್ತಿದ್ದ ಪ್ರಶ್ನೆ ಅದು. ಉತ್ತರವೂ ಬಾಯಿಪಾಠವಾಗಿತ್ತು. ಆದರೆ ಕೇಳುತ್ತಿದ್ದವಳು ರೋಗಿಯಾಗಿರಲಿಲ್ಲ, ಅವಳಾಗಿದ್ದಳು. ಅವಳ ಕೆಳತುಟಿ ನಡುಗುತ್ತಿತ್ತು.

“ಗುಣವಾಗತ್ತೆ,” ಎಂದರು ಮೇಷ್ಟ್ರು. “ಸ್ವಲ್ಪ ಟೈಮ್ ಹಿಡಿಯತ್ತೆ.”

ಅವಳು ಬೆಂಚಿನ ಮೇಲೆ ಕುಸಿದು ಕೂತು ಜೋರಾಗಿ ಉಸಿರು ಬಿಟ್ಟಳು. “ಬೇರೆ ಯಾರು ಹೇಳಿದ್ರೂ ನಂಬ್ತಿರಲಿಲ್ಲ ನೋಡಿ” ಎಂದಳು.

ಮನೆಗೆ ಬಂದವಳು ಹೊಸ ಜೀವ ಬಂದ ಹಾಗಾದಳು. ಮಾತ್ರೆಗೆ ನೋವು ತಗ್ಗಿದ ದಿನಗಳಲ್ಲಿ ಯಂತ್ರದ ಮುಂದೆ ಕೂತು ಒಂದೆರಡು ಅಂಗಿಗಳ ಕಾಲರು ಹಚ್ಚುತ್ತಿದ್ದಳು. ಮಗಳು ಮರೆಯಲ್ಲಿ ನಿಂತು ನೋಡಿ, “ಒಳ್ಳೇದೇ ಆಯ್ತಲ್ಲಪ್ಪ” ಎನ್ನುತ್ತಿದ್ದಳು. ಆ ನಗುವನ್ನು ಕಂಡಾಗ ಮೇಷ್ಟ್ರಿಗೂ ಹಾಗೇ ಅನಿಸುತ್ತಿತ್ತು. ಬದುಕಿಡೀ ಮಾಡಿದ ಪಾಠ ತಪ್ಪಾಗಿದ್ದರೂ ಚಿಂತೆಯಿಲ್ಲ ಅನ್ನಿಸುವಷ್ಟು ಚೆನ್ನಾಗಿತ್ತು ಆ ನಗು.

ಒಂದು ಮಧ್ಯಾಹ್ನ ಮಗಳು ಔಷಧಿಗೆ ಹೋಗಿದ್ದಳು. ಹೆಂಡತಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಿದ್ದೆ ಬಂದಿರಬೇಕೆಂದು ಮೇಷ್ಟ್ರು ಎದ್ದರು.

“ಕೂತ್ಕೊಳ್ಳಿ” ಎಂದಳು ಅವಳು. “ನಾನು ಅವಳಿಗೆ ಹಾಗೆ ಅನ್ನಬಾರದಿತ್ತು, ಅಲ್ವಾ?”

ಯಾರಿಗೆ ಎಂದು ಕೇಳುವ ಅಗತ್ಯವಿರಲಿಲ್ಲ. “ಅನ್ನಬಾರದಿತ್ತು” ಎಂದರು.

“ಅಮ್ಮನ ಕೆಲಸ ಮಾಡಿ ಮಾಡಿ ನನಗೆ ತಲೆ ಕೆಟ್ಟಿತ್ತು. ಅವಳು ಬಂದಾಗ ಅಮ್ಮ ನಕ್ಕಳು. ನನ್ನ ನೋಡಿ ಒಂದಿನನೂ ಹಾಗೆ ನಕ್ಕಿರಲಿಲ್ಲ. ಹೊಟ್ಟೆಕಿಚ್ಚು, ಅಷ್ಟೇ. ಅವಳು ಒಳ್ಳೆಯವಳು. ನಾನೇ ಹೋಗಿ ಹೇಳ್ತೀನಿ.”

ಮೇಷ್ಟ್ರು ಮುಂದಕ್ಕೆ ಬಾಗಿದರು. “ಇವತ್ತೇ ಕರೆಸೋಣ್ವಾ?”

“ಬೇಡ ಬೇಡ. ಹೀಗೆ ಬಿದ್ದಿರೋದನ್ನ ನೋಡಿದ್ರೆ ಅವಳು ಪಾಪ ಅಂತ ಮಾತಾಡ್ತಾಳೆ. ನನಗೆ ಅದು ಬೇಡ. ಎದ್ದು ಓಡಾಡೋ ಹಾಗಾದ್ಮೇಲೆ ಬಸ್ ಹತ್ತಿ ಹೋಗ್ತೀನಿ. ಅವಸರ ಏನಿದೆ?”

ಅವಸರವಿತ್ತು. ಅದು ಗೊತ್ತಿದ್ದವರು ಪಕ್ಕದಲ್ಲೇ ಕೂತಿದ್ದರು. ಹೇಳಿಬಿಡಬೇಕೆಂದು ಬಾಯಿ ತೆರೆದರು. ಹೇಳಿದರೆ ಅವಳು ಕಳೆದುಕೊಳ್ಳುವುದು ಒಂದಲ್ಲ, ಎರಡು: ಬದುಕುವ ಆಸೆಯೂ ಹೋಗುತ್ತದೆ, ಗಂಡನ ಮಾತಿನ ಮೇಲಿನ ನಂಬಿಕೆಯೂ ಹೋಗುತ್ತದೆ. ತೆರೆದ ಬಾಯಿ ಮುಚ್ಚಿಕೊಂಡಿತು.

ಸಂಜೆ ಅವರು ಬೀದಿಯ ಕೊನೆಯವರೆಗೂ ನಡೆದು ಹೋಗಿ ನಾದಿನಿಗೆ ಫೋನು ಮಾಡಿದರು. ಭಾವನ ದನಿ ಕೇಳಿ ಅವಳು ಗಾಬರಿಯಾದಳು. “ಏನಾಯ್ತು? ಅಕ್ಕನಿಗೆ ಏನಾದ್ರೂ ಜೋರಾಗಿದೆಯಾ?”

ಜೋರಾಗಿದೆ ಎಂದರೆ ಇವತ್ತೇ ಓಡಿ ಬರುತ್ತಾಳೆ, ಅವಳ ಮುಖ ಕಂಡರೆ ಸಾಕು, ಅಕ್ಕನಿಗೆ ಎಲ್ಲ ತಿಳಿದುಹೋಗುತ್ತದೆ. “ಅಂಥದ್ದೇನಿಲ್ಲ,” ಎಂದರು. “ಸ್ವಲ್ಪ ಹುಷಾರಿಲ್ಲ. ಒಂದ್ಸಲ ಬಂದು ಹೋಗಿದ್ರೆ ಚೆನ್ನಾಗಿತ್ತು.”

“ಅವಳು ಕರಿ ಅಂದ್ಲಾ?”

“ಇಲ್ಲ.”

“ಹಾಗಾದ್ರೆ ಅವಳೇ ಕರೀಲಿ ಭಾವ. ಕರೆದ ತಕ್ಷಣ ಬರ್ತೀನಿ.”

ಕರೆಯುವ ದಿನ ಬರಲಿಲ್ಲ. ಮುಂದಿನ ವಾರ ಹೆಂಡತಿಗೆ ಜ್ವರ ಏರಿ ಪ್ರಜ್ಞೆ ತಪ್ಪಿತು. ಸುದ್ದಿ ಕೇಳಿ ತಂಗಿ ಬಂದು ತಲುಪುವ ಹೊತ್ತಿಗೆ ಆಸ್ಪತ್ರೆಯವರು ಮಂಚದ ಸುತ್ತ ಪರದೆ ಎಳೆದಿದ್ದರು. ಅವಳು ಒಳಗೆ ಹೋಗಿ ಅಕ್ಕನ ತಲೆಗೂದಲು ನೇವರಿಸಿ ಹೊರಗೆ ಬಂದಳು. ಅಳಲಿಲ್ಲ.

“ಅವತ್ತು ಫೋನು ಮಾಡಿದಾಗ ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ನೀವು ಹೇಳಿದ್ರಿ ಅಂತ ನಂಬಿದೆ” ಎಂದಳು. ಬೈದಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು.

ರಜೆ ಮುಗಿದು ಕಾಲೇಜಿಗೆ ಹೋದ ದಿನ ಹೊಸ ತರಗತಿ ಕಾಯುತ್ತಿತ್ತು. ಅವರು ಆ ಪ್ರಶ್ನೆ ಕೇಳಲಿಲ್ಲ. ಹಿರಿಯ ಹುಡುಗಿಯರಿಂದ ಕೇಳಿ ತಿಳಿದುಕೊಂಡಿದ್ದ ಒಬ್ಬಳು ತಾನೇ ಎದ್ದು ನಿಂತಳು. “ಸರ್, ಕೇಳಿದ ರೋಗಿಗೆ ಸತ್ಯವನ್ನೇ ಹೇಳ್ಬೇಕು ಅಂತ ನೀವು ಹೇಳ್ತೀರಂತೆ.”

“ಹೇಳ್ತಿದ್ದೆ. ಈಗಲೂ ಅದೇ ಸರಿ ಅನ್ಸತ್ತೆ. ಆದ್ರೆ ಅದು ಸುಲಭ ಅನ್ನೋ ಹಾಗೆ ಹೇಳ್ತಿದ್ದೆ, ಅದು ತಪ್ಪು.” ಪುಸ್ತಕ ತೆರೆದು ಓದಲು ಹೇಳಿ ಕಿಟಕಿಯ ಹತ್ತಿರ ನಿಂತರು.

ಒಂದು ಭಾನುವಾರ ಅವರು ಬಸ್ ಹತ್ತಿ ನಾದಿನಿಯ ಮನೆಗೆ ಹೋದರು. ಅಕ್ಕ ಆ ಮಧ್ಯಾಹ್ನ ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಹೇಳಿದರು. ಹೊಟ್ಟೆಕಿಚ್ಚು ಅಂದದ್ದನ್ನು, ಅವಳು ಒಳ್ಳೆಯವಳು ಅಂದದ್ದನ್ನು, ತಾನೇ ಹೋಗಿ ಹೇಳುತ್ತೇನೆ ಅಂದದ್ದನ್ನು. ಆಗ ಕೋಣೆಯಲ್ಲಿ ಅವರಿಬ್ಬರೇ ಇದ್ದರು. ಸಾಕ್ಷಿ ಎಂದು ಇದ್ದದ್ದು ಅವರ ಮಾತೊಂದೇ.

ನಾದಿನಿ ತಲೆ ತಗ್ಗಿಸಿಕೊಂಡು ಕೇಳಿದಳು. ಆಮೇಲೆ ಮೆಲ್ಲಗೆ, “ನನ್ನ ಸಮಾಧಾನಕ್ಕೆ ಹೇಳ್ತಿದ್ದೀರಿ, ಅಲ್ವಾ ಭಾವ?” ಎಂದಳು.

“ಇಲ್ಲಮ್ಮ. ನಿಜವಾಗ್ಲೂ ಅಂದ್ಲು.”

“ಇರ್ಲಿ ಬಿಡಿ. ಅಷ್ಟು ದೂರದಿಂದ ಬಂದು ಹೇಳಿದ್ರಲ್ಲ, ಅದೇ ದೊಡ್ಡದು.” ಅವಳ ದನಿಯಲ್ಲಿ ಕೋಪವಿರಲಿಲ್ಲ. ಮುದುಕರ ಮನಸ್ಸು ನೋಯದಿರಲಿ ಎಂದು ಆಡುವ ಮಾತಿನ ಹಾಗಿತ್ತು. ಮೇಷ್ಟ್ರು ಆಣೆ ಇಡಲು ಹೋಗಿ, ಬಿಟ್ಟು ಎದ್ದರು.

ಅವರು ಚಪ್ಪಲಿ ಮೆಟ್ಟಿಕೊಳ್ಳುವಾಗ ಅವಳು ಬಾಗಿಲಿಗೆ ಬಂದು ನಿಂತಳು. ಕಣ್ಣು ತುಂಬಿತ್ತು.

“ಇನ್ನೊಂದ್ಸಲ ಹೇಳಿ ಭಾವ. ನಾನು ಒಳ್ಳೆಯವಳು ಅಂದ್ಲು ಅಂತ.”

ಅವರು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತು, ಮೊದಲಿನಿಂದ ಹೇಳತೊಡಗಿದರು. ಅವಳು ಗಲ್ಲಕ್ಕೆ ಕೈಕೊಟ್ಟು, ಒಂದು ಮಾತನ್ನೂ ನಂಬದೆ, ಒಂದು ಮಾತನ್ನೂ ಬಿಡದೆ ಕೇಳಿದಳು.