ನಾಲ್ಕು ಮಾರು ಹಗ್ಗ

ಒದ್ದೆ ಹಗ್ಗ ಒಲೆಯ ಮಗ್ಗುಲಲ್ಲಿ ಒಣಗುವ ವಾಸನೆ, ಉಪ್ಪು, ಹೊಗೆ, ಸ್ವಲ್ಪ ಕೊಳೆತ ಪಾಚಿ — ಇದು ಅಪ್ಪನ ವಾಸನೆ, ಫಿನಾಯಿಲ್ ಹಾಕಿ ಒರೆಸಿದ ಈ ಕಾರಿಡಾರಿಗೆ ಹೇಗೆ ಬಂತು ಎಂದು ಒಂದು ಗಳಿಗೆ ತಬ್ಬಿಬ್ಬಾಗುತ್ತೇನೆ, ಆಮೇಲೆ ನೆನಪಾಗುತ್ತದೆ, ಹಗ್ಗ ನನ್ನ ಕಾಲ ಬಳಿಯ ಚೀಲದಲ್ಲೇ ಇದೆ, ತಂದವಳು ನಾನೇ. ಬಂದರಿನಲ್ಲಿ ನೀರಿನ ಆಳ ಅಳೆಯುವ ಕೆಲಸ ಅಪ್ಪನದು, ಸಂಜೆ ಬಂದು ಅಳತೆ ಹಗ್ಗವನ್ನು ಅಡುಗೆಮನೆಯ ಮೊಳೆಗೆ ನೇತುಹಾಕಿದ ಕೂಡಲೇ ಅಮ್ಮ ಶುರುಮಾಡುವಳು, ನಿಮ್ಮ ಸಮುದ್ರ ನನ್ನ ಹಾಲಿನ ಪಾತ್ರೆಗೆ ತೊಟ್ಟಿಕ್ತಾ ಇದೆ ನೋಡಿ, ಅಪ್ಪ ನಗುತ್ತಿದ್ದ, ನನಗೆ ಮಾತ್ರ ಕೇಳುವ ಹಾಗೆ ಹೇಳುತ್ತಿದ್ದ, ಅಳತೆ ಹಗ್ಗಕ್ಕೆ ಯಾರ ಮೇಲೂ ಪ್ರೀತಿ ಇರಬಾರದು ಪುಟ್ಟಿ. ಇದ್ದರೆ ಏನಾಗುತ್ತದೆ ಎಂದು ಆಗ ಕೇಳಲಿಲ್ಲ, ಈಗ ನೋಡು ಅಪ್ಪ, ಹೀಗಾಗುತ್ತದೆ, ಈ ವಯಸ್ಸಿನಲ್ಲಿ ಮಗಳು ಹಗ್ಗದ ಚೀಲ ಹೊತ್ತುಕೊಂಡು ಸಮಿತಿಯ ಬಾಗಿಲಲ್ಲಿ ಕೂರಬೇಕಾಗುತ್ತದೆ. ಬೆಂಚಿನ ಒಂದು ಕಾಲು ಗಿಡ್ಡ, ಮೈ ಅಲುಗಿಸಿದರೆ ಟಕ್ಕೆನ್ನುತ್ತದೆ, ನಾನು ಎರಡು ಸಲ ಹುಬ್ಬು ಗಂಟಿಕ್ಕಿದ್ದೇ ತಡ ಪಕ್ಕದಲ್ಲಿದ್ದ ನಮ್ಮ ಬೋಟಿನವನು ಎದ್ದು, ಎಲ್ಲಿಂದಲೋ ಒಂದು ರಟ್ಟಿನ ಚೂರು ತಂದು ಮಡಿಸಿ ಕಾಲಿನಡಿ ತುರುಕಿದ, ಈಗ ಬೆಂಚು ಅಲುಗುವುದಿಲ್ಲ — ಇದನ್ನು ಯಾರು ಕೇಳಿದ್ದರು, ಇವನಿಗೆ ಹೇಳದೆ ಕೇಳದೆ ಒಳ್ಳೆಯದು ಮಾಡುವ ಚಟ, ಅದಕ್ಕೆ ಔಷಧವಿಲ್ಲ. ಒಳಗೆ ಇವತ್ತು ತೀರ್ಮಾನವಾಗುತ್ತದೆ, ಹೂಳೆತ್ತುವ ಹಡಗು ನಮ್ಮ ಕೊಲ್ಲಿಗೆ ಬರಬಹುದೋ ಬರಬಾರದೋ, ಬಂದರೆ ತಳದ ಕಡಲಹುಲ್ಲು ಬೇರುಸಮೇತ ಹೋಗುತ್ತದೆ, ಅದರಲ್ಲಿ ಮರಿಮಾಡುವ ಮೀನು ಹೋಗುತ್ತದೆ, ಹೋದದ್ದು ನನ್ನ ಕಾಲಕ್ಕಂತೂ ಮರಳುವುದಿಲ್ಲ. ಮೊದಲೇ ಬಿಸಿಯಿಂದ ಸೋತ ಹುಲ್ಲು, ಅದಕ್ಕೆ ಇನ್ನೊಂದು ಪೆಟ್ಟು ತಾಳುವ ಶಕ್ತಿ ಇಲ್ಲ ಎಂಬುದು ನಮ್ಮ ವಾದ, ಎಷ್ಟು ಬಿಸಿ ಎಂದು ಹೇಳಬೇಕಾದವಳು ನಾನು, ಕೊಲ್ಲಿ ಉಳಿಸಲು ಹೊರಟ ನಮ್ಮ ಸಂಸ್ಥೆಯ ವಿಜ್ಞಾನದ ಮುಖ್ಯಸ್ಥೆ, ಮುಖ್ಯಸ್ಥೆ ಎಂದರೆ ಇನ್ನೇನು, ಒಂದು ಮೇಜು, ಒಂದು ಕಂಪ್ಯೂಟರು, ಒಂದು ಹಗ್ಗ.

ಮೊನ್ನೆ ಬೆಳಿಗ್ಗೆ ಅದೇ ಹಗ್ಗ ಎಳೆದಾಗ ಎಷ್ಟು ಹಗುರವಾಗಿ ಬಂತು, ಬಿಸಿಲು ಇನ್ನೂ ಚುರುಕಾಗಿರಲಿಲ್ಲ, ಬೋಟು ತೊಟ್ಟಿಲಿನ ಹಾಗೆ ತೂಗುತ್ತಿತ್ತು, ನೀರೊಳಗೆ ಇಳಿಬಿಟ್ಟ ಉಷ್ಣಾಂಶದ ಮೀಟರನ್ನು ಮೇಲೆತ್ತುವ ಕೆಲಸ ನನ್ನದೇ ಆಗಬೇಕು ಎಂಬ ಹಠ ನನ್ನದು, ಬೇರೆಯವರು ಎತ್ತಿದರೆ ಬೋಟಿನ ಪಕ್ಕೆಗೆ ತಗುಲಿಸುತ್ತಾರೆ ಎಂಬ ಗುಮಾನಿ, ಎಳೆದು ಮುಗಿಸಿ ತೋಳು ತಟ್ಟಿಕೊಂಡು ಹೇಳಿದೆ, ನೋಡಪ್ಪಾ, ಮುದುಕಿಗೆ ಇನ್ನೂ ಕಸುವಿದೆ. ಬೋಟಿನವನು ನಗಬೇಕಿತ್ತು, ನಗಲಿಲ್ಲ, ಎಂಜಿನ್ನಿನ ಕಡೆ ತಿರುಗಿಕೊಂಡ. ಇಷ್ಟು ದಿನ ಕೈಯಲ್ಲಿ ಹಿಡಿದೂ ನೋಡದಿದ್ದದ್ದು ಆಗ ಕಣ್ಣಿಗೆ ಬಿತ್ತು, ಗಂಟು — ಹಗ್ಗವನ್ನು ಮಡಿಸಿ ಜೋಡಿಸಿ ಕಟ್ಟಿದ ಗಂಟು, ಮೇಲೆ ನೀಲಿ ಗೀರಿನ ಹಳೆ ಅಂಗಿಯ ಬಟ್ಟೆ ಸುತ್ತಿದೆ, ಕೈ ಹಿಡಿಯುವ ಜಾಗದಲ್ಲಿ ಅಂಗೈ ತರಚಬಾರದು ಎಂದು. ಏನಿದು ಎಂದೆ. ನಿಮ್ಮ ಭುಜ ನೋಯ್ತಿತ್ತಲ್ಲಮ್ಮ ಅಂದ, ಅದಕ್ಕೇ ಮೀಟರನ್ನ ಸ್ವಲ್ಪ ಮೇಲೆ ಕಟ್ಟಿದೆ, ನಾಲ್ಕೇ ಮಾರು. ಯಾವಾಗಿಂದ ಎಂದೆ. ಆಪರೇಶನ್ ಆಗಿ ಬಂದ್ರಲ್ಲ, ಆವಾಗ್ಲಿಂದ. ನನಗೆ ಯಾಕೆ ಹೇಳಲಿಲ್ಲ ಎಂದೆ, ಹೇಳಿದ್ರೆ ಬಿಡ್ತಿದ್ರಾ ನೀವು ಅಂದ, ಅದೂ ನಿಜ, ಬಿಡುತ್ತಿರಲಿಲ್ಲ. ನಾಲ್ಕು ಮಾರು ಮೇಲೆ ಎಂದರೆ ಅದು ಬೇರೆಯದೇ ನೀರು, ಬಿಸಿಲು ತಾಗುವ ನೀರು, ಅಲ್ಲಿ ಮೀಟರು ಬೆಚ್ಚಗೆ ಕೂತು ಬೆಚ್ಚಗಿನ ಸುದ್ದಿಯನ್ನೇ ಹೇಳುತ್ತದೆ, ಮೂರು ಬೇಸಿಗೆ ನಾನು ಆ ಸುದ್ದಿಯನ್ನು ನಂಬಿ ಗ್ರಾಫಿನಲ್ಲಿ ಗೆರೆ ಎಳೆದಿದ್ದೇನೆ, ಗೆರೆ ಗೋಡೆ ಹತ್ತುವ ಬೆಕ್ಕಿನ ಹಾಗೆ ಏಕಾಏಕಿ ಮೇಲಕ್ಕೆ ನೆಗೆದಾಗ ಎದೆ ಧಸಕ್ಕೆಂದರೂ, ಒಳಗೊಂದು ಮೂಲೆಯಲ್ಲಿ, ಹೇಳಿದ್ದೆನಲ್ಲ ಎಂಬ ಸಣ್ಣ ಹೆಮ್ಮೆಯೂ ಇತ್ತು, ಹಗ್ಗವನ್ನು ಅಳೆದು ನೋಡೋಣ ಎಂದು ಹೊಳೆಯಲಿಲ್ಲ, ಅಳತೆಯವನ ಮಗಳಿಗೆ ಹೊಳೆಯಲಿಲ್ಲ. ಕೊಲ್ಲಿ ಬಿಸಿಯಾಗಿಲ್ಲವೇ, ಆಗಿದೆ, ಹಗ್ಗ ಉದ್ದವಿದ್ದ ಹತ್ತು ವರ್ಷದಲ್ಲಿ ಅರ್ಧ ಡಿಗ್ರಿ ಏರಿದೆ, ಅರ್ಧ ಡಿಗ್ರಿ ಎಂದರೆ ಆ ಹುಲ್ಲಿಗೆ ಸಣ್ಣ ಸಂಗತಿಯಲ್ಲ, ಆದರೆ ನಮ್ಮ ಸಂಸ್ಥೆಯ ಪೋಸ್ಟರಿನಲ್ಲಿ ಅಚ್ಚಾಗಿರುವುದು ಒಂದೂವರೆ, ನಮ್ಮ ಕೊಲ್ಲಿಗೆ ಜ್ವರ ಎಂಬ ಕೆಂಪಕ್ಷರದ ಕೆಳಗೆ ಒಂದೂವರೆ, ಮೇಲಿನ ಆ ಒಂದು ಡಿಗ್ರಿ ಸಮುದ್ರದ್ದಲ್ಲ, ನನ್ನ ಭುಜದ್ದು.

ನಿನ್ನೆ ನಿರ್ದೇಶಕಿಗೆ ಹೇಳಿದಾಗ ಅವಳು ಕುರ್ಚಿಯಿಂದ ಏಳಲೂ ಇಲ್ಲ, ಒಂದು ಕಾಲಕ್ಕೆ ನನ್ನ ತರಗತಿಯಲ್ಲಿ ಮೊದಲ ಸಾಲಿನಲ್ಲಿ ಕೂರುತ್ತಿದ್ದ ಹುಡುಗಿ, ಈಗ ನನಗೆ ಸಂಬಳ ಕೊಡುವವಳು, ಮೇಡಂ, ನೀವು ಇದನ್ನ ನಾಡಿದ್ದು ಹೇಳ್ಬಹುದಿತ್ತಲ್ಲ ಎಂದಳು. ನಾಡಿದ್ದು ಹೇಳಿದರೆ ಸುಳ್ಳು ಹೇಳಿದ ಮೇಲೆ ಹೇಳಿದ ಹಾಗೆ ಎಂದೆ. ಸುಳ್ಳು ಅಂತ ಯಾಕಂತೀರಿ, ಬಿಸಿ ಆಗ್ತಿರೋದು ನಿಜ ತಾನೇ, ಸ್ವಲ್ಪ ಹೆಚ್ಚು ಸ್ವಲ್ಪ ಕಡಿಮೆ, ಹಡಗಿನ ಕಡೆಯವರು ಹೇಳೋ ಸುಳ್ಳಿನ ಮುಂದೆ ಇದೇನು. ಮೂರು ಪಟ್ಟು ಮಾಡಿ ಹೇಳೋದಕ್ಕೆ ಸ್ವಲ್ಪ ಅನ್ನಲ್ಲಮ್ಮ, ನಾನೇ ನಿನಗೆ ಹೇಳಿಕೊಟ್ಟಿದ್ದೆ. ನೀವು ಹೇಳಿಕೊಟ್ಟಿದ್ದು ಲೆಕ್ಕ, ಮೇಡಂ, ಗೆಲ್ಲೋದನ್ನ ಯಾರೂ ಹೇಳಿಕೊಡ್ಲಿಲ್ಲ ನಮಗೆ. ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು, ಆಳವನ್ನೂ ತಾನೇ ಬರೆದುಕೊಳ್ಳುವ ಮೀಟರು ಬೇಕು ಎಂದು ಎಷ್ಟು ಸಲ ಕೇಳಿದ್ದೆ, ಇದ್ದಿದ್ದರೆ ಮೊದಲ ದಿನವೇ ಹಗ್ಗದ ಗುಟ್ಟು ರಟ್ಟಾಗುತ್ತಿತ್ತು, ಬಂದದ್ದು ಗಾಳಿ ತುಂಬುವ ತಿಮಿಂಗಿಲ, ಮೆರವಣಿಗೆಗೆ ಬೇಕಂತೆ, ಉಬ್ಬಿಸಿದರೆ ಬಾಗಿಲಲ್ಲಿ ಹಿಡಿಯುವುದಿಲ್ಲ, ಉಬ್ಬಿಸದಿದ್ದರೆ ಉಪಕರಣದ ಕೋಣೆಯಲ್ಲಿ ನನ್ನ ಕಪಾಟಿಗೆ ಅಡ್ಡ ಬಿದ್ದಿರುತ್ತದೆ, ದಿನಾ ದಾಟಿಕೊಂಡೇ ಹೋಗುತ್ತೇನೆ — ಕರೆಯುತ್ತಿದ್ದಾರೆ, ನನ್ನನ್ನೇ, ಬೋಟಿನವನು ಚೀಲ ಎತ್ತಿಕೊಡಲು ಬಾಗುತ್ತಾನೆ, ನಾನೇ ತಗೋತೀನಿ ಎನ್ನುತ್ತೇನೆ, ದನಿ ಬೇಕಾದ್ದಕ್ಕಿಂತ ಗಡುಸಾಯಿತು. ಉದ್ದ ಮೇಜು, ಅಧ್ಯಕ್ಷರಿಗೆ ನನ್ನಷ್ಟೇ ವಯಸ್ಸು, ಕನ್ನಡಕ ಹುಡುಕುತ್ತಿದ್ದಾರೆ, ಅದು ಹಣೆಯ ಮೇಲೇ ಇದೆ, ನಿರ್ದೇಶಕಿ ನನ್ನ ಮುಖ ನೋಡುವುದಿಲ್ಲ, ಆದರೆ ನೀರಿನ ಲೋಟವನ್ನು ಬಲದಿಂದ ಎತ್ತಿ ನನ್ನ ಎಡಗೈಗೆ ಎಟಕುವ ಹಾಗೆ ಇಟ್ಟಳು, ಬಲಭುಜ ಮೇಲೇಳುವುದಿಲ್ಲ ಎಂದು ಅವಳಿಗೆ ಗೊತ್ತು, ಇಷ್ಟು ಸಿಟ್ಟಿನಲ್ಲೂ ಗೊತ್ತು, ಅದೇ ಆ ಕ್ಷಣಕ್ಕೆ ಬೇಡವಾಗಿತ್ತು, ಒಂದೂವರೆ ಎಂದುಬಿಡೋಣ ಅನ್ನಿಸಿಬಿಟ್ಟಿತು, ಒಂದೇ ಮಾತು, ಹುಲ್ಲು ಉಳಿಯುತ್ತದೆ, ಇವಳು ನಗುತ್ತಾಳೆ, ಯಾರಿಗೆ ನಷ್ಟ — ಅರ್ಧ ಡಿಗ್ರಿ ಎಂದೆ. ಪೋಸ್ಟರಿನಲ್ಲಿ ಒಂದೂವರೆ ಇದೆಯಲ್ಲ ಎಂದರು ಅಧ್ಯಕ್ಷರು. ಅದು ತಪ್ಪು ಎಂದೆ, ಮೀಟರಿನ ಹಗ್ಗ ಗಿಡ್ಡವಾಗಿತ್ತು, ಚೀಲದಿಂದ ಹಗ್ಗ ತೆಗೆದು ಮೇಜಿನ ಮೇಲಿಟ್ಟೆ, ನೀಲಿ ಗೀರಿನ ಗಂಟು ಎಲ್ಲರ ಕಾಗದಗಳ ನಡುವೆ ಒದ್ದೆಯಾಗಿ ಕೂತಿತು. ಹಡಗಿನ ಕಡೆಯ ವಕೀಲ ಮುಗುಳ್ನಕ್ಕ, ಅಂದ್ರೆ ಕೊಲ್ಲಿಗೆ ಜ್ವರ ಇಲ್ಲ, ಹಗ್ಗಕ್ಕೆ ನೆಗಡಿ ಅನ್ನಿ, ಎಲ್ಲರೂ ನಕ್ಕರು, ಅಧ್ಯಕ್ಷರೂ ನಕ್ಕು ಆಮೇಲೆ ನಾಚಿಕೊಂಡರು. ಗಿಡ್ಡ ಮಾಡಿದವರು ಯಾರು ಎಂದ ವಕೀಲ. ಬಾಗಿಲು ಅರ್ಧ ತೆರೆದೇ ಇತ್ತು, ಅದರಾಚೆ ಬೆಂಚಿನ ತುದಿ, ಬೋಟಿನವನ ಒಂದು ಮೊಣಕಾಲು ಕಾಣುತ್ತಿತ್ತು, ಅಲುಗುತ್ತಿದ್ದದ್ದು ನಿಂತುಬಿಟ್ಟಿತು. ಅಳತೆಯ ಕೆಲಸ ನನ್ನದು ಎಂದೆ, ಹಗ್ಗದ ಉದ್ದ ನೋಡಬೇಕಾದವಳು ನಾನು, ನೋಡಲಿಲ್ಲ. ಅರ್ಧ ಡಿಗ್ರಿಯೇ ಆ ಹುಲ್ಲಿಗೆ ಸಾಕಷ್ಟು ಹೆಚ್ಚು ಎಂದು ವಿವರಿಸತೊಡಗಿದೆ, ಯಾರೂ ಬರೆದುಕೊಳ್ಳುತ್ತಿರಲಿಲ್ಲ, ಪೆನ್ನುಗಳೆಲ್ಲ ಮುಚ್ಚಿದ್ದವು, ನಿಮ್ಮ ಪ್ರಾಮಾಣಿಕತೆ ದೊಡ್ಡದು ಎಂದರು ಅಧ್ಯಕ್ಷರು, ಆ ಮಾತಿನ ಬೆನ್ನಿಗೇ ಇನ್ನೊಂದು ಬರುತ್ತದೆಂದು ಗೊತ್ತಿತ್ತು, ಬಂತು, ಸರಿಯಾದ ಅಳತೆ ತನ್ನಿ, ಮುಂದಿನ ಬೇಸಿಗೆ ನೋಡೋಣ, ಅಲ್ಲಿಯವರೆಗೆ ಹಡಗನ್ನು ತಡೆಯಲು ನಮಗೆ ಕಾರಣ ಕಾಣುವುದಿಲ್ಲ. ಮುಂದಿನ ಬೇಸಿಗೆಗೆ ಅಲ್ಲಿ ಅಳೆಯಲು ಏನಿರುತ್ತದೆ, ಕೆಸರು.

ಮತ್ತೆ ಅದೇ ಬೆಂಚು, ಅಲುಗದ ಬೆಂಚು, ನಿರ್ದೇಶಕಿ ಫೋನು ಕಿವಿಗಿಟ್ಟುಕೊಂಡೇ ನನ್ನನ್ನು ದಾಟಿ ಹೋದಳು, ಮೂಲೆಯಲ್ಲಿ ನಿಂತು ತಿರುಗಿ ನೋಡಿ ಮೆಟ್ಟಿಲಿಳಿದಳು, ಅವಳ ತಪ್ಪೇ, ಅಲ್ಲ, ಗೆಲ್ಲಲು ಹೊರಟವಳ ಕಾಲಿಗೆ ನಾನೇ ಹಗ್ಗ ತೊಡರಿಸಿದೆ, ನಿಜ ಹೇಳಿ ಏನು ಬಂತು, ಕೋಲೂ ಮುರಿಯಿತು, ಹಾವೂ ಸಾಯಲಿಲ್ಲ, ಬೈಯೋಣವೆಂದರೆ ಯಾರನ್ನು, ಇವನನ್ನೇ, ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದಾನಲ್ಲ ಇವನನ್ನು, ಬಾಯಿಗೆ ಬಂದದ್ದನ್ನೆಲ್ಲ ಬೈಯಬೇಕು, ಯಾರಪ್ಪಾ ನಿನಗೆ ನನ್ನ ಮೇಲೆ ಕನಿಕರ ತೋರಿಸು ಅಂದವರು, ನಿನ್ನ ಒಂದು ಕನಿಕರಕ್ಕೆ ಒಂದು ಕೊಲ್ಲಿ ಹೋಯಿತಲ್ಲ — ಹಗ್ಗ ಉದ್ದ ಬಿಡು ನಾಳೆ ಎಂದಷ್ಟೇ ಬಾಯಿಗೆ ಬಂತು. ಬಿಡ್ತೀನಮ್ಮ ಅಂದ. ಪೂರ್ತಿ ಹತ್ತು ಮಾರು. ಹ್ಞೂಂ. ಹಡಗು ಬರೋವರೆಗೆ ದಿನಾ ಎತ್ತಬೇಕು. ದಿನಾನಾ, ಭುಜ ಅಮ್ಮ ಅಂದ. ಭುಜದ ಸುದ್ದಿ ಎತ್ತಬೇಡ ಎಂದೆ. ಯಾರೋ ಕಾರಿಡಾರಿನ ಕಿಟಕಿ ತೆರೆದರು, ದೂರದಲ್ಲಿ ಕೊಲ್ಲಿ ಹೊಳೆಯುತ್ತಿದೆ, ಬೆಚ್ಚಗೆ, ಅರ್ಧ ಡಿಗ್ರಿ, ಯಾರು ನಕ್ಕರೂ ಅರ್ಧ ಡಿಗ್ರಿ, ಅಪ್ಪ ಇದ್ದಿದ್ದರೆ ಏನೆನ್ನುತ್ತಿದ್ದ, ಹಗ್ಗಕ್ಕೆ ಪ್ರೀತಿ ಇರಬಾರದು ಎಂದ, ಹಗ್ಗ ಕಟ್ಟುವವನಿಗೆ ಇರಬಾರದು ಎಂದನೇ, ಅದನ್ನು ಹೇಳದೆಯೇ ಹೋದ, ಬೆಳಿಗ್ಗೆಯಿಂದ ಹೊಟ್ಟೆಗೇನೂ ಹಾಕಿಲ್ಲ, ಅದು ಬೋಟಿನವನಿಗೂ ಗೊತ್ತಿರಬೇಕು, ತನ್ನ ಚೀಲ ಬಿಚ್ಚಿ ಒಂದು ಡಬ್ಬಿ ತೆಗೆದು ನನ್ನ ತೊಡೆಯ ಮೇಲಿಟ್ಟ, ಇನ್ನೂ ಬೆಚ್ಚಗಿದೆ, ಅನ್ನದ ವಾಸನೆ, ಬೇಯಿಸಿದ ಮೊಟ್ಟೆಯ ವಾಸನೆ, ಬೇಡ ಎನ್ನಬೇಕು, ಎಡಗೈ ಆಗಲೇ ಡಬ್ಬಿಯ ಮೇಲಿದೆ, ಡಬ್ಬಿಗೆ ಬಟ್ಟೆ ಸುತ್ತಿದೆ, ಹಳೆ ಅಂಗಿಯ ಬಟ್ಟೆ, ನೀಲಿ ಗೀರಿನದು, ತುದಿ ಎಡಕ್ಕೆ ಬಿಟ್ಟು ಕಟ್ಟಿದ್ದಾನೆ, ಒಂದೇ ಕೈಯಲ್ಲಿ ಎಳೆದರೆ ಬಿಚ್ಚಿಕೊಳ್ಳುವ ಹಾಗೆ, ಆ ಗಂಟು.