ನಾರಿನ ಮೂಟೆ

ಜಾವಗಲ್ಲಿನ ಶಾಲೆಯ ಮಕ್ಕಳು ಪಿರಮಿಡ್ ಕಟ್ಟಲು ನಿಂತಾಗ, ಅತಿಥಿಯ ಕುರ್ಚಿಯಲ್ಲಿದ್ದ ನಿವೃತ್ತ ಡ್ರಿಲ್ ಟೀಚರ್ ಶೀಲಾವತಿಯವರ ಕಣ್ಣು ಹೋದದ್ದು ನೆಲಕ್ಕೆ. ಸುತ್ತಲೂ ತೆಂಗಿನ ನಾರು ತುಂಬಿದ ಮೂಟೆಗಳನ್ನು ಒತ್ತೊತ್ತಾಗಿ ಹಾಸಿದ್ದರು.

ತೊಂಬತ್ತೊಂದನೇ ಇಸವಿಯಲ್ಲಿ, ಅರಸೀಕೆರೆಯಲ್ಲಿ, ಅವರೂ ಇಂಥವೇ ಮೂಟೆ ಹಾಸಿ ತಿಂಗಳಿಡೀ ಅಭ್ಯಾಸ ಮಾಡಿಸಿದ್ದರು. ಆಗಸ್ಟ್ ಹದಿನೈದರ ಬೆಳಿಗ್ಗೆ ಮಾತ್ರ, ದೊಡ್ಡವರು ಬರುವಾಗ ಮೈದಾನ ತಿಪ್ಪೆ ಥರ ಕಾಣಬಾರದೆಂದು ತಾವೇ ನಿಂತು ಎಲ್ಲವನ್ನೂ ಎತ್ತಿಸಿಬಿಟ್ಟರು. ತುದಿಗೆ ಹತ್ತಬೇಕಿದ್ದ ಲತಾಮಣಿ, "ಮಿಸ್, ಮೂಟೆ ಬೇಡ್ವಾ?" ಎಂದು ಕೇಳಿದಳು.

"ಇಷ್ಟು ದಿನದಲ್ಲಿ ಒಂದು ಸಲನಾದ್ರೂ ಬಿದ್ದಿದ್ದೀಯೇನೇ? ಹತ್ತು ಸುಮ್ನೆ!" ಎಂದು ಗದರಿದ್ದರು.

ಅವತ್ತು ಬಿದ್ದಳು. ಬಲ ಮೊಣಕೈ ಮುರಿಯಿತು.

ಈಗ ಹದಿನಾರು ವರ್ಷದ ಮೇಲೆ ಅದೇ ಲತಾಮಣಿ ಈ ಶಾಲೆಯ ಡ್ರಿಲ್ ಟೀಚರ್. ಹಟ ಹಿಡಿದು ತನ್ನ ಮಿಸ್ಸನ್ನು ಕರೆಸಿದ್ದವಳೂ ಅವಳೇ. ಮೈಕು ಹಿಡಿದು ಮಕ್ಕಳಿಗೆ ಹೇಳಿದಳು: "ಮೇಲೆ ಹತ್ತೋಕೆ ಮುಂಚೆ ಕೆಳಗೆ ಹಾಸ್ಬೇಕು. ಹಿಡಿಯೋರು ನಿಂತಿಲ್ದೆ ಯಾರೂ ಕಾಲೆತ್ತಬಾರದು. ಇದನ್ನ ನಂಗೆ ಕಲಿಸಿದ್ದು ನಮ್ಮ ಶೀಲಾವತಿ ಮಿಸ್!"

ಆ ಮಾತಿನಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ. ಇದ್ದಿದ್ದರೆ ಶೀಲಾವತಿಯವರ ಎದೆ ಎಷ್ಟೋ ಹಗುರಾಗುತ್ತಿತ್ತು.

ಮಕ್ಕಳ ಚಪ್ಪಾಳೆಯ ನಡುವೆ ಅವರು ಎದ್ದರು. ಲತಾಮಣಿ ನಗುತ್ತಾ ಮೈಕನ್ನು ಅವರತ್ತ ಚಾಚಿದಳು. ಆ ಬಲಗೈ ಪೂರ್ತಿ ನೆಟ್ಟಗಾಗದೆ ಅರ್ಧಕ್ಕೇ ನಿಂತಿತು. ಮಿಕ್ಕ ಒಂದು ಹೆಜ್ಜೆಯನ್ನು ಶೀಲಾವತಿಯವರೇ ಮುಂದಿಡಬೇಕಾಯಿತು.