ಮೊದಲನೆಯದೋ ಎರಡನೆಯದೋ

ಮನುಷ್ಯನ ಬಾಳಿನಲ್ಲಿ ಕೆಲವು ಪ್ರಶ್ನೆಗಳು ಎದ್ದು ನಿಂತರೆ ಹುಟ್ಟು, ಸಾವು, ಮದುವೆಗಳೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಡಬೇಕಾಗುತ್ತದೆ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆಯ ಕೋಣೆಗೆ ಹಾಕುವ ಪರದೆ ನೀಲಿಯಿರಬೇಕೋ ಹಸಿರಿರಬೇಕೋ ಎಂಬುದು ಅಂಥ ಪ್ರಶ್ನೆ. ಹಳೆಯ ಪರದೆಯ ಬಣ್ಣ ಯಾವುದೆಂದು ಈಗ ಕಣ್ಣು ಚೆನ್ನಾಗಿದ್ದವರೂ ಹೇಳುವಂತಿರಲಿಲ್ಲ. ಸೋಮವಾರ ಬೆಳಿಗ್ಗೆ ಯಜಮಾನರು ಎರಡು ತುಂಡು ಬಟ್ಟೆ ತಂದು ಗಲ್ಲಾದ ಮೇಲೆ ಹರಡಿ, ಕಣ್ಣು ನೋಡುವವನನ್ನು ಕರೆದರು.

"ನೋಡಯ್ಯ, ಮೊದಲನೇದು ನೀಲಿ, ಎರಡನೇದು ಹಸಿರು. ದಿನವಿಡೀ ಆ ಕೋಣೇಲಿ ಕೂರೋನು ನೀನು. ಶನಿವಾರದೊಳಗೆ ಒಂದು ಹೇಳಿಬಿಡು."

"ನಿಮಗೆ ಯಾವುದು ಸರಿ ಕಾಣುತ್ತೋ..."

"ನನಗೆ ಕಾಣೋದಾಗಿದ್ರೆ ನಿನ್ನನ್ಯಾಕೆ ಕೇಳ್ತಿದ್ದೆ? ನನ್ನ ಹೆಂಡ್ತಿಗೆ ನೀಲಿ, ನಮ್ಮತ್ತೆಗೆ ಹಸಿರು. ನಾನು ಯಾವುದು ಅಂದ್ರೂ ಒಬ್ಬರು ಮುಖ ಊದಿಸ್ಕೋತಾರೆ. ನೀನಂದೆ ಅಂದ್ರೆ ಇಬ್ರೂ ಸೇರಿ ನಿನ್ನ ಬೈಕೊಂಡು ಸುಮ್ಮನಾಗ್ತಾರೆ."

ಕಣ್ಣು ನೋಡುವವನು ತಲೆಯಾಡಿಸಿದ. ಹೌದೆಂದೋ ಅಲ್ಲವೆಂದೋ ಆ ತಲೆಗೂ ಗೊತ್ತಿರಲಿಲ್ಲ.

ಗಿರಾಕಿಗಳು ಅವನನ್ನು 'ಡಾಕ್ಟ್ರೇ' ಎನ್ನುತ್ತಿದ್ದರು. ಮೊದಮೊದಲು ತಾನು ಡಾಕ್ಟರಲ್ಲವೆಂದು ತಿದ್ದುತ್ತಿದ್ದ. ತಿದ್ದಿದಷ್ಟೂ ಅವರ ಗೌರವ ಹೆಚ್ಚುತ್ತಿದ್ದುದರಿಂದ ಬಿಟ್ಟುಬಿಟ್ಟ. ಈ ಕೆಲಸವನ್ನು ಅವನೇನೂ ಆರಿಸಿಕೊಂಡಿರಲಿಲ್ಲ. ಕೆಲಸಕ್ಕೆ ಸೇರಬೇಕಿದ್ದವನು ಅವನ ಗೆಳೆಯ. ಅವನಿಗೆ ಜ್ವರ ಬಂದಿದೆ, ಇವತ್ತು ಬರೋದಿಲ್ಲ ಎಂದು ಹೇಳಿಹೋಗಲು ಬಂದ ಇವನನ್ನು ಯಜಮಾನರು ಕುರ್ಚಿಯಲ್ಲಿ ಕೂರಿಸಿ ಕೆಲಸ ಕಲಿಸಲು ಶುರುಮಾಡಿದರು. ನಡುವೆ ಬಾಯಿ ಹಾಕುವುದು ಮರ್ಯಾದೆಯಲ್ಲವೆಂದು ಇವನು ಕಲಿತ.

ಕಲಿತ ಕೆಲಸದಲ್ಲಿ ಅವನದೇ ಒಂದು ಕಿತಾಪತಿಯಿತ್ತು. ಗಿರಾಕಿಯ ಮೂಗಿನ ಮೇಲೆ ಪರೀಕ್ಷೆಯ ದಪ್ಪ ಚೌಕಟ್ಟು ಕೂರಿಸಿ, ಅದರೊಳಗೆ ಒಂದೊಂದೇ ಲೆನ್ಸು ಇಳಿಸುತ್ತ, "ಮೊದಲನೇದು ಚೆನ್ನಾಗಿದೆಯೋ, ಎರಡನೇದೋ?" ಎಂದು ಕೇಳುವುದು ವಾಡಿಕೆ. ನಡುವೆ ಒಮ್ಮೆ, ಗಿರಾಕಿ ನಿಜಕ್ಕೂ ನೋಡಿ ಹೇಳುತ್ತಿದ್ದಾನೋ ಬಾಯಿಗೆ ಬಂದದ್ದು ಹೇಳುತ್ತಿದ್ದಾನೋ ಎಂದು ತಿಳಿಯಲು, ಇವನು ಲೆನ್ಸನ್ನು ತೆಗೆದು ಅದೇ ಲೆನ್ಸನ್ನು ಮತ್ತೆ ಇಳಿಸುತ್ತಿದ್ದ. ಎರಡೂ ಒಂದೇ ಎಂದವರು ಬಹಳ ಕಡಿಮೆ. "ಎರಡನೇದು ಡಾಕ್ಟ್ರೇ! ಕಣ್ಣಿಗೆ ತಂಪಾಗಿದೆ!" ಎಂದು ಕುರ್ಚಿಯಿಂದ ಅರ್ಧ ಎದ್ದವರೇ ಹೆಚ್ಚು.

ದಿನಾ ಇದನ್ನೇ ನೋಡಿ ಅವನಿಗೊಂದು ಸಿದ್ಧಾಂತ ಹುಟ್ಟಿಕೊಂಡಿತ್ತು. ಜನ ಆರಿಸಿಕೊಂಡೆವು ಅಂದುಕೊಳ್ಳುವುದೆಲ್ಲ ಇಷ್ಟೇ. ಯಾರೋ ಹಿಂದೆ ನಿಂತು ಅದೇ ಲೆನ್ಸನ್ನು ತೆಗೆದು ಹಾಕುತ್ತಿರುತ್ತಾರೆ. ಅವನನ್ನು ಸಾಕಿ ಬೆಳೆಸಿದ ಅಕ್ಕ ಇದನ್ನೇ ಲೆನ್ಸಿಲ್ಲದೆ ಹೇಳುತ್ತಿದ್ದಳು: "ಎಲ್ಲಾ ಹಣೇಲಿ ಬರೆದಿರುತ್ತೆ ಕಣೋ. ನಿನ್ನ ಹಣೇಲಿ ಬರೆಯೋವಾಗ ಮಾತ್ರ ಬರೆಯೋನಿಗೆ ತೂಕಡಿಕೆ ಬಂದಿತ್ತು."

ಮಂಗಳವಾರ ಊಟದ ಹೊತ್ತಿಗೆ ಆ ಸಿದ್ಧಾಂತಕ್ಕೆ ಪೆಟ್ಟು ಬಿತ್ತು. ಹಾಕಿದವಳು ಸಾಣೆ.

ಹಿಂದಿನ ಕೋಣೆಯಲ್ಲಿ ಚಕ್ರದ ಮುಂದೆ ಕೂತು ಲೆನ್ಸುಗಳ ಅಂಚು ಉಜ್ಜಿ ಫ್ರೇಮಿಗೆ ಕೂರಿಸುತ್ತಿದ್ದವಳಿಗೆ ಅಂಗಡಿಯಲ್ಲಿ ಇದ್ದ ಹೆಸರು ಅದು. ಚಕ್ರದಿಂದ ಬಂದದ್ದೆಂದು ಯಜಮಾನರು ಹೇಳುತ್ತಿದ್ದರು. ನಾಲಗೆಯಿಂದ ಬಂದದ್ದೆಂದು ಅವಳಿಗೇ ಗೊತ್ತಿತ್ತು. ಅವಳು ಬಂದಾಗಿನಿಂದ ಇಬ್ಬರೂ ಒಂದೇ ಮೇಜಿನ ಎರಡು ತುದಿಯಲ್ಲಿ ಕೂತು ಉಣ್ಣುತ್ತಿದ್ದರು. ಈಚೆಗೆ ಆ ಮೇಜು ಚಿಕ್ಕದಾಗುತ್ತ ಬಂದಿತ್ತು. ಯಾರೂ ಅದನ್ನು ಕೊಯ್ದಿರಲಿಲ್ಲ.

"ಡಾಕ್ಟ್ರೇ, ಬೇರೆ ಊರಿನ ಅಂಗಡಿಯೋರು ಕರೀತಿದಾರೆ," ಎಂದಳು ಡಬ್ಬಿಯ ಮುಚ್ಚಳ ತೆಗೆಯುತ್ತ. "ದೊಡ್ಡ ಅಂಗಡಿ, ಹೊಸ ಮಿಷನ್ನು. ಶನಿವಾರದೊಳಗೆ ಹೇಳ್ಬೇಕಂತೆ. ಏನಂತೀರಿ, ಇರಲಾ, ಹೋಗಲಾ?"

ಅವನಿಗೆ ಇರಿ ಅನ್ನಬೇಕೆನಿಸಿತು. ಆದರೆ ಪರೀಕ್ಷೆಯ ಕೋಣೆಯಲ್ಲಿ ಒಂದು ನಿಯಮವಿದೆ: ಕೇಳುವವನ ದನಿಯಲ್ಲಿ ಏರಿಳಿತ ಇರಬಾರದು, ಇದ್ದರೆ ಗಿರಾಕಿ ಅದನ್ನೇ ಹಿಡಿದುಕೊಂಡು ಉತ್ತರ ಕೊಡುತ್ತಾನೆ. ಆ ದನಿ ಅವನ ಬಾಯಿಗೆ ಎಷ್ಟು ಅಂಟಿಕೊಂಡಿತ್ತೆಂದರೆ ತಾನಾಗಿ ಹೊರಬಂತು.

"ಅವಸರ ಇಲ್ಲ. ನಿಮಗೆ ಯಾವುದು ಸರಿ ಕಾಣುತ್ತೋ ಅದನ್ನ ಹೇಳಿ."

ಸಾಣೆ ಅವನನ್ನೇ ನೋಡಿದಳು. ಆಮೇಲೆ ಡಬ್ಬಿಯ ಮುಚ್ಚಳ ಹಾಕಿದಳು. ಊಟ ಇನ್ನೂ ಶುರುವಾಗಿರಲಿಲ್ಲ.

ಅಲ್ಲಿಂದ ಅವನ ಕೈ ತಪ್ಪತೊಡಗಿತು. ಹತ್ತಿರದ್ದು ಕಾಣದ ಮುದುಕರಿಗೆ ದೂರದ್ದು ಓದಿಸಿದ. ಅದೇ ಲೆನ್ಸನ್ನು ಮತ್ತೆ ಮತ್ತೆ ಇಳಿಸಿದಾಗ ಒಬ್ಬ ಗಿರಾಕಿ, "ಡಾಕ್ಟ್ರೇ, ತಪ್ಪಿರೋದು ನನ್ನ ಕಣ್ಣಾ, ನಿಮ್ಮದಾ?" ಎಂದು ಕೇಳಿಯೇಬಿಟ್ಟ. ಸಾಣೆ ಇರುವುದೇ ಆದರೆ ತಾನು ಕೇಳಿಕೊಳ್ಳದಿದ್ದರೂ ಇರುತ್ತಾಳೆ. ಹೋಗುವುದೇ ಆದರೆ ಕಾಲು ಹಿಡಿದರೂ ಹೋಗುತ್ತಾಳೆ. ಹಾಗಾದರೆ ಬಾಯಿ ನೋಯಿಸಿಕೊಳ್ಳುವುದೇಕೆ? ಲೆಕ್ಕ ಸರಿಯಾಗಿಯೇ ಇತ್ತು. ಆದರೂ ಅದನ್ನು ಮತ್ತೆ ಮತ್ತೆ ಕೂಡಿಸಿ ನೋಡುತ್ತಿದ್ದ.

ಗುರುವಾರ ಸಂಜೆ ಅಕ್ಕನ ಮುಂದೆ ಬಾಯಿಬಿಟ್ಟ. ಅಕ್ಕ ಇಸ್ತ್ರಿ ಮಾಡುತ್ತಿದ್ದಳು.

"ಬರೆದಿದ್ರೆ ಇರ್ತಾಳೆ ಬಿಡು," ಎಂದಳು. "ಆದ್ರೂ ನಾಳೆ ಆ ಬಿಳಿ ಅಂಗಿ ಹಾಕ್ಕೊಂಡು ಹೋಗು. ಈ ಅಂಗೀಲಿ ಇರು ಅಂದ್ರೆ ನಾನೂ ಇರಲ್ಲ."

"ಬರೆದಿದ್ರೆ ಅಂಗಿ ಯಾಕಕ್ಕ?"

"ಅಂಗೀನೂ ಬರೆದಿರಬಾರದೇನೋ?"

ಅವನು ಬಿಳಿ ಅಂಗಿ ಹಾಕಿಕೊಂಡು ಹೋದ. ಶುಕ್ರವಾರವೆಲ್ಲ ಸಾಣೆಯ ಚಕ್ರ ತಿರುಗಿತು, ಸಾಣೆ ಮಾತಾಡಲಿಲ್ಲ.

ಶನಿವಾರ ಅಂಗಡಿ ಮುಚ್ಚುವ ಹೊತ್ತಿಗೆ, ಆ ಬಣ್ಣಗೆಟ್ಟ ಪರದೆಯನ್ನು ಸರಿಸಿ ಅವಳು ಕೋಣೆಯೊಳಗೆ ಬಂದಳು. ಕಣ್ಣು ತೋರಿಸಿಕೊಳ್ಳಲು ಬಂದಳೇನೋ ಎಂದುಕೊಂಡು ಅವನು ಕುರ್ಚಿಯ ಧೂಳು ಒರೆಸಿದ.

"ನೀವು ಕೂತ್ಕೊಳ್ಳಿ," ಎಂದಳು.

"ನಾನಾ?"

"ಕುರ್ಚೀಲಿ ಬೇರೆ ಯಾರಾದ್ರೂ ಇದಾರಾ? ಕೂತ್ಕೊಳ್ಳಿ ಡಾಕ್ಟ್ರೇ."

ಕೂತ. ಅವಳು ಅವನ ದಪ್ಪ ಕನ್ನಡಕವನ್ನು ತೆಗೆದು ಮಡಚಿಟ್ಟು, ಪರೀಕ್ಷೆಯ ಚೌಕಟ್ಟನ್ನು ಅವನ ಮೂಗಿನ ಮೇಲೇರಿಸಿದಳು. ಎದುರಿನ ಗೋಡೆಯ ಅಕ್ಷರಗಳು ಕಲಸಿಹೋದವು. ಅವು ಅವನಿಗೆ ಬಾಯಿಪಾಠವಾಗಿದ್ದವು, ಆದರೆ ಅದರಿಂದೇನೂ ಉಪಯೋಗವಾಗುವಂತೆ ಕಾಣಲಿಲ್ಲ. ಕಿವಿಯ ಬಳಿ ಟಿಕ್ ಎಂದು ಒಂದು ಲೆನ್ಸು ಇಳಿಯಿತು.

"ಇದು ಮೊದಲನೇದು."

ಲೆನ್ಸು ಮೇಲೆದ್ದಿತು. ಲೆನ್ಸುಗಳ ಪೆಟ್ಟಿಗೆಯ ಕಡೆ ಕೈ ಹೋದ ಸದ್ದಿಲ್ಲ. ಮತ್ತೆ ಟಿಕ್.

"ಇದು ಎರಡನೇದು. ಮೊದಲನೇದು ಅಂದ್ರೆ ಇರ್ತೀನಿ. ಎರಡನೇದು ಅಂದ್ರೆ ಹೋಗ್ತೀನಿ."

ಅದೇ ಲೆನ್ಸು. ತನ್ನದೇ ಕಿತಾಪತಿ ತನಗೆ ಗೊತ್ತಾಗದೇ ಇರುತ್ತದೆಯೇ? ಅದೇ ಮಬ್ಬು, ಅದೇ ಕಲಸಿದ ಅಕ್ಷರ. ಉತ್ತರದ ಹೊಣೆಯನ್ನು ಕಣ್ಣಿನ ಮೇಲೆ ಹಾಕಿ ಪಾರಾಗುವ ದಾರಿಯಿಲ್ಲ.

"ಇನ್ನೊಂದ್ಸಲ ತೋರಿಸಿ," ಎಂದ.

"ತೋರ್ಸಲ್ಲ."

ಜನ ಸಾಮಾನ್ಯವಾಗಿ ಎರಡನೆಯದು ಅನ್ನುತ್ತಾರೆ. ಬರೆದದ್ದೇ ನಡೆಯುವುದಾದರೆ ತನ್ನ ಬಾಯಿಂದಲೂ ಅದೇ ಬರಬೇಕು. ಬರಲಿ ನೋಡೋಣವೆಂದು ಬಾಯಿ ತೆರೆದು ಕಾದ.

"ಮೊದಲನೇದು," ಎಂದಿತು ಬಾಯಿ. "ಅನ್ಸುತ್ತೆ."

"ಅನ್ಸೋದು ಬೇಡ. ಸರಿಯಾಗಿ ಹೇಳಿ."

"ಮೊದಲನೇದು ರೀ! ಮೊದಲನೇದೇ!" ಎಂದು ಕೂಗಿಬಿಟ್ಟ.

ಪರದೆಯ ಆಚೆಯಿಂದ ಯಜಮಾನರ ದನಿ ಬಂತು: "ಕೇಳಿಸ್ತು ಕಣಯ್ಯ, ನೀಲಿ ತಾನೇ? ಅದಕ್ಯಾಕೆ ಹೀಗೆ ಬೊಬ್ಬೆ ಹೊಡೀತೀಯ? ಆಗ್ಲಿ ಬಿಡು, ಬಟ್ಟೆ ಅಂಗಡಿಗೆ ಈಗಲೇ ಹೇಳಿಬಿಡ್ತೀನಿ."

ಅವನು ಪರದೆಯನ್ನು ಮರೆತೇಬಿಟ್ಟಿದ್ದ. ಅಲ್ಲ ಎಂದು ತಿದ್ದಲು ಹೋದರೆ ಹಸಿರು ಎಂದಂತಾಗುತ್ತದೆಯೇನೋ ಎನಿಸಿ ಸುಮ್ಮನಾದ. ಸಾಣೆ ಚೌಕಟ್ಟು ತೆಗೆದು ಅವನ ಕನ್ನಡಕ ಕೊಟ್ಟಳು. ಅವಳ ಮುಖ ಈಗ ಸ್ಪಷ್ಟವಾಗಿ ಕಂಡಿತು. ಅದರಲ್ಲಿ ಏನಿತ್ತೆಂದು ಮಾತ್ರ ತಿಳಿಯಲಿಲ್ಲ.

"ಬುಧವಾರಾನೇ ಫೋನ್ ಮಾಡಿ ಬರಲ್ಲ ಅಂದೆ ಅವರಿಗೆ," ಎಂದಳು.

"ಬುಧವಾರಾನಾ? ಮತ್ತೆ ಈಗ ನನ್ನನ್ನ ಕೇಳಿದ್ದು?"

"ಏನಂತೀರೋ ನೋಡೋಣ ಅಂತ."

"ಹಾಗಾದ್ರೆ ನಾನು ಎರಡನೇದು ಅಂದಿದ್ರೂ ಇರ್ತಿದ್ರಿ."

"ಇರ್ತಿದ್ದೆ. ನಿಮ್ಮ ಜೊತೆ ಮಾತು ಮಾತ್ರ ಇರ್ತಿರಲಿಲ್ಲ."

ಅವನು ಎದ್ದು ಚೌಕಟ್ಟಿನಿಂದ ಲೆನ್ಸು ತೆಗೆದು ಪೆಟ್ಟಿಗೆಯೊಳಗೆ ಇಟ್ಟ. ತಾನು ಆರಿಸಿದ್ದಕ್ಕೆ ಬೆಲೆ ಇತ್ತೋ ಇರಲಿಲ್ಲವೋ, ಇದ್ದರೆ ಎಷ್ಟು, ಯಾವ ಕಡೆಯಿಂದ ಹಿಡಿದರೂ ಜಾರುತ್ತಿತ್ತು.

"ಬರಲ್ಲ ಅಂತ ಯಾಕಂದ್ರಿ?" ಎಂದ ಕೊನೆಗೆ. ಅದರ ಉತ್ತರದಲ್ಲಾದರೂ ತಾನಿರಬಹುದೆಂಬ ಆಸೆ.

"ಅಲ್ಲಿ ಚಕ್ರ ಇರೋ ಕೋಣೆಗೆ ಕಿಟಕಿ ಇಲ್ವಂತೆ."

ಮನೆಗೆ ಹೋಗಿ ಎಲ್ಲವನ್ನೂ ಅಕ್ಕನಿಗೆ ಹೇಳಿದ. ಅಕ್ಕ ಗೆದ್ದವಳಂತೆ ಕೈ ಒರೆಸಿಕೊಂಡಳು. "ನೋಡಿದ್ಯಾ? ಬರೆದಿತ್ತು."

"ಬರೆದಿತ್ತು ಅಂದ್ರೆ? ಬಾಯಿಬಿಟ್ಟು ಹೇಳಿದ್ದು ನಾನಕ್ಕ."

"ನೀನು ಹೇಳ್ತೀಯ ಅಂತಾನೇ ಬರೆದಿತ್ತು."

"ಹೇಳದೇ ಇದ್ದಿದ್ರೆ?"

"ಹೇಳಲ್ಲ ಅಂತ ಬರೆದಿರ್ತಿತ್ತು. ಊಟಕ್ಕೆ ಬಾ."

ಸೋಮವಾರ ನೀಲಿ ಪರದೆ ಬಂತು. ಸಾಣೆ ಹೋಗಲಿಲ್ಲ.